38911 ಬೈಟುಗಳು ಖಾಲಿ: ಕಮೊಡೋರ್ 64 ಅನ್ನು ಇಂದು ಕೊಳ್ಳಬಹುದೇ?

ಹಳೆಯ ಕಂಪ್ಯೂಟರುಗಳನ್ನು ಮಾರುವವರ ಭಾಷೆಯನ್ನು ಅರ್ಥಮಾಡಿಕೊಳ್ಳಲು ಪ್ರತ್ಯೇಕ ನಿಘಂಟೇ ಬೇಕು. ‘ಪರೀಕ್ಷಿಸಿಲ್ಲ’ ಎಂದು ಬರೆದಿದ್ದರೆ ಪರೀಕ್ಷಿಸಿ ನೋಡಿದ್ದಾರೆ, ಅದು ಕೆಲಸ ಮಾಡಿಲ್ಲ ಎಂದು ಓದಿಕೊಳ್ಳಬೇಕು. ‘ಆನ್ ಆಗುತ್ತದೆ’ ಎಂದಿದ್ದರೆ ಕೆಂಪು ದೀಪ ಉರಿಯುತ್ತದೆ, ಅಷ್ಟೇ ಎಂದು ತಿಳಿಯಬೇಕು. ‘ಬಲು ಅಪರೂಪದ್ದು’ ಎಂದಿದ್ದರೆ ಅದು ಒಂದು ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದ ಯಂತ್ರವಾಗಿರುವ ಸಾಧ್ಯತೆಯೇ ಹೆಚ್ಚು. ನನ್ನ ಕಮೊಡೋರ್ 64 ಈ ಮೂರೂ ವಿಶೇಷಣಗಳನ್ನು ಹೊತ್ತುಕೊಂಡೇ ಮನೆಗೆ ಬಂತು. ಅದೃಷ್ಟಕ್ಕೆ, ಮಾರಿದವರ ಮಾತಿಗಿಂತ ಯಂತ್ರವೇ ಹೆಚ್ಚು ಪ್ರಾಮಾಣಿಕವಾಗಿತ್ತು. ಕೆಲವು ತಿಂಗಳು ಅದನ್ನು ಮೇಜಿನ ಮೇಲಿಟ್ಟುಕೊಂಡು ಬಳಸಿದ ನಂತರ ಬರೆಯುತ್ತಿರುವ ಈ ವಿಮರ್ಶೆಯಲ್ಲಿ ಬಾಲ್ಯದ ಸ್ಮರಣೆಗಳಿಗೆ ಜಾಗ ಕೊಟ್ಟಿಲ್ಲ. ಈ ಯಂತ್ರ ಇವತ್ತು, ಮೊದಲ ಬಾರಿಗೆ ಕೈಗೆ ಸಿಕ್ಕ ವಸ್ತುವಾಗಿ, ಹೇಗೆ ನಡೆದುಕೊಳ್ಳುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿ ಮುಂದುವರಿಯುತ್ತೇನೆ. 1982ರ ಜನವರಿಯಲ್ಲಿ ಲಾಸ್ ವೇಗಸ್‌ನ ಗ್ರಾಹಕ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಪ್ರದರ್ಶನಗೊಂಡು ಅದೇ ವರ್ಷದ ಆಗಸ್ಟಿನಲ್ಲಿ ಮಾರುಕಟ್ಟೆಗೆ ಬಂದ ಈ ಕಂಪ್ಯೂಟರಿನ ಆರಂಭದ ಬೆಲೆ 595 ಡಾಲರ್. 64 ಕಿಲೋಬೈಟ್ ಸ್ಮೃತಿಯುಳ್ಳ (ಮೆಮೊರಿಯುಳ್ಳ) ಯಂತ್ರವನ್ನು ಆ ಬೆಲೆಗೆ ಕೊಡಲು ಕಮೊಡೋರ್ ಕಂಪನಿಗೆ ಸಾಧ್ಯವಾದದ್ದು, ಚಿಪ್ ತಯಾರಿಸುವ ಎಂಒಎಸ್ ಟೆಕ್ನಾಲಜಿಯನ್ನು ಅದು 1976ರಲ್ಲೇ ಕೊಂಡುಕೊಂಡಿದ್ದರಿಂದ: ಸಂಸ್ಕಾರಕ (ಪ್ರೊಸೆಸರ್), ಚಿತ್ರದ ಚಿಪ್ಪು, ಧ್ವನಿಯ ಚಿಪ್ಪು ಮೂರೂ ಸ್ವಂತ ಕಾರ್ಖಾನೆಯಲ್ಲೇ ತಯಾರಾಗುತ್ತಿದ್ದವು. 1994ರಲ್ಲಿ ಕಂಪನಿ ದಿವಾಳಿಯಾಗುವವರೆಗೂ ಮಾರಾಟದಲ್ಲಿದ್ದ ಈ ಯಂತ್ರ ಒಟ್ಟು ಎಷ್ಟು ಮಾರಾಟವಾಯಿತು ಎಂಬ ಬಗ್ಗೆ 1.25 ಕೋಟಿಯಿಂದ 1.7 ಕೋಟಿಯವರೆಗೆ ಬೇರೆ ಬೇರೆ ಅಂದಾಜುಗಳಿವೆ. ಹಾಗಾಗಿ ಇದನ್ನು ಅಪರೂಪದ ವಸ್ತು ಎಂದು ಮಾರಿದರೆ ನಗಬಹುದು, ಕೊಳ್ಳಬಾರದು.

ಪೆಟ್ಟಿಗೆ ತೆರೆದ ಕೂಡಲೇ ಮಾಡಬೇಕಾದ ಕೆಲಸವೆಂದರೆ ಅದರೊಂದಿಗೆ ಬಂದ ಮೂಲ ಪವರ್ ಸಪ್ಲೈಯನ್ನು ಎತ್ತಿ ಪಕ್ಕಕ್ಕಿಡುವುದು. ಇಟ್ಟಿಗೆಯಷ್ಟು ಭಾರವಿರುವ, ಒಳಗೆ ರಾಳ ತುಂಬಿ ಮುಚ್ಚಿರುವುದರಿಂದ ರಿಪೇರಿಗೂ ಸಿಗದ ಈ ಡಬ್ಬಿ, ಯಂತ್ರಕ್ಕೆ ಎರಡು ಬಗೆಯ ವಿದ್ಯುತ್ತನ್ನು ಕೊಡುತ್ತದೆ: 9 ವೋಲ್ಟಿನ ಎಸಿ ಮತ್ತು 5 ವೋಲ್ಟಿನ ಡಿಸಿ. ಒಳಗಿನ ನಿಯಂತ್ರಕ ಚಿಪ್ಪು ವರ್ಷಗಟ್ಟಲೆ ಬಿಸಿಯಾಗಿ ಕೆಡುವಾಗ ಸುಮ್ಮನೆ ಕೆಡುವುದಿಲ್ಲ. 5 ವೋಲ್ಟ್ ಇರಬೇಕಾದಲ್ಲಿ ಅದಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಒಳಗೆ ಬಿಡುತ್ತದೆ. ಮೊದಲು ಸಾಯುವವು ಸ್ಮೃತಿ ಚಿಪ್ಪುಗಳು. ಇದು ಈ ಯಂತ್ರದ ಬಗ್ಗೆ ಬಲ್ಲವರೆಲ್ಲರಿಗೂ ತಿಳಿದಿರುವ ದೋಷ, ಮತ್ತು ನನ್ನ ಮಟ್ಟಿಗೆ ಇಡೀ ಉತ್ಪನ್ನದ ಅತ್ಯಂತ ಕ್ಷಮಿಸಲಾಗದ ಭಾಗ. ನಲವತ್ತು ವರ್ಷ ಬದುಕಿದ ಯಂತ್ರ ತನ್ನ ಸ್ವಂತ ಪವರ್ ಸಪ್ಲೈಯಿಂದ ಒಂದು ಸಂಜೆಯಲ್ಲಿ ಸಾಯಬಲ್ಲದು. ಆಧುನಿಕ ಬಿಡಿಭಾಗಗಳಿಂದ ತಯಾರಾದ ಬದಲಿ ಸಪ್ಲೈಗಳು ಈಗ ಸಿಗುತ್ತವೆ. ನಾನು ಅಂಥದ್ದೊಂದು ಕೈಗೆ ಬರುವವರೆಗೆ ಸ್ವಿಚ್ಚನ್ನು ಮುಟ್ಟಲಿಲ್ಲ.

ಸ್ವಿಚ್ ಒತ್ತಿದ ಎರಡು ಮೂರು ಸೆಕೆಂಡುಗಳಲ್ಲಿ ನೀಲಿ ಪರದೆ ಬರುತ್ತದೆ. ಯಂತ್ರದೊಳಗೇ ಇರುವ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ 38911 ಬೈಟುಗಳು ಖಾಲಿ ಇವೆ ಎಂದು ತಿಳಿಸುವ ಒಂದು ಸಾಲು, ಅದರ ಕೆಳಗೆ ‘ರೆಡಿ’ ಎಂಬ ಒಂದೇ ಪದ, ಅದರ ಕೆಳಗೆ ಮಿನುಗುವ ಚೌಕ. 64 ಕಿಲೋಬೈಟ್ ಎಂದು ಹೆಸರಿನಲ್ಲೇ ಸಾರಿಕೊಂಡ ಯಂತ್ರ 38911 ಎನ್ನುವುದೇಕೆ ಎಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ: ಬೇಸಿಕ್ ಪ್ರೋಗ್ರಾಮುಗಳ ಜಾಗ ಪರದೆಯ ಸ್ಮೃತಿ ಮುಗಿದ ಮೇಲೆ 2049ನೇ ವಿಳಾಸದಿಂದ ಶುರುವಾಗುತ್ತದೆ, 40960ರಲ್ಲಿ ಬೇಸಿಕ್ ಭಾಷೆಯನ್ನು ಅಳಿಯದಂತೆ ಬರೆದಿಟ್ಟ ರೋಮ್ ಚಿಪ್ಪು ಎದುರಾಗುತ್ತದೆ, ಕಳೆದು ನೋಡಿದರೆ ಲೆಕ್ಕ ಸರಿಯಾಗಿ ಹೊಂದುತ್ತದೆ. ಮಿಕ್ಕ ಸ್ಮೃತಿ ಎಲ್ಲಿಗೂ ಹೋಗಿಲ್ಲ. ಅದರಲ್ಲಿ ಹೆಚ್ಚಿನದು ರೋಮ್‌ನಂಥ ಚಿಪ್ಪುಗಳ ಅಡಿಯಲ್ಲಿ ಮುಸುಕು ಹೊದ್ದು ಮಲಗಿರುತ್ತದೆ, ಬೇಕೆಂದವರು ಮುಸುಕು ಸರಿಸಿ ಬಳಸಬಹುದು. ಈ ಬಗೆಯ ಉತ್ತರ ಸಿಗುವುದೇ ಈ ಯಂತ್ರದ ದೊಡ್ಡ ಗುಣ. ನನ್ನ ಇಂದಿನ ಲ್ಯಾಪ್‌ಟಾಪ್ ಸುಮ್ಮನೆ ಕುಳಿತಿರುವಾಗ ಅದರ ಸ್ಮೃತಿಯ ಅರ್ಧ ಭಾಗ ಯಾವುದಕ್ಕೆ ಹೋಗಿದೆ ಎಂದು ಕೇಳಿದರೆ ನಾನಾಗಲಿ, ಅದನ್ನು ತಯಾರಿಸಿದ ಯಾವುದೇ ಒಬ್ಬ ವ್ಯಕ್ತಿಯಾಗಲಿ ಪೂರ್ತಿ ಉತ್ತರ ಹೇಳಲಾರೆವು. ಇಲ್ಲಿ ಒಬ್ಬರೇ ಕುಳಿತು, ಒಂದು ಮಳೆಗಾಲದ ಬಿಡುವಿನಲ್ಲಿ, ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ತಿಳಿದುಕೊಳ್ಳಬಹುದು. ಕಂಪನಿಯೇ ಪ್ರಕಟಿಸಿದ ಪ್ರೋಗ್ರಾಮರುಗಳ ಕೈಪಿಡಿಯಲ್ಲಿ ಸ್ಮೃತಿಯ ನಕ್ಷೆಯ ಜೊತೆಗೆ ಯಂತ್ರದ ವಿದ್ಯುನ್ಮಂಡಲದ ಚಿತ್ರವೂ ಇತ್ತು.

ಕೀಲಿಮಣೆ ಗಟ್ಟಿಮುಟ್ಟಾಗಿದೆ. 66 ಕೀಲಿಗಳು, ಚೆನ್ನಾಗಿ ಕೆಳಗಿಳಿಯುವ ಒತ್ತು, ಅಕ್ಷರದ ಕೀಲಿಗಳ ಮುಂಭಾಗದಲ್ಲಿ ಗೆರೆ, ಮೂಲೆ, ಹೃದಯ, ಇಸ್ಪೀಟಿನ ಚಿಹ್ನೆಗಳು. ಇವನ್ನೇ ಜೋಡಿಸಿ ಚಿತ್ರ ಬಿಡಿಸುವವರು ಇಂದಿಗೂ ಇದ್ದಾರೆ. ರಿಸ್ಟೋರ್ ಎಂಬ ಕೀಲಿಯೊಂದು ಮಾತ್ರ ಮೆತ್ತಗೆ ಒತ್ತಿದರೆ ಕೇಳುವುದಿಲ್ಲ, ಚಟ್ಟನೆ ಹೊಡೆಯಬೇಕು. ಅದು ಮಿಕ್ಕ ಕೀಲಿಗಳ ಜಾಲಕ್ಕೆ ಸೇರದೆ ಕೆಪಾಸಿಟರ್ ಒಂದರ ಮೂಲಕ ಸಂಸ್ಕಾರಕದ ಕೆಲಸವನ್ನು ನಡುವೆ ತಡೆಯುವ ಸಂಕೇತಕ್ಕೆ ಹೋಗುವುದರಿಂದ, ಒತ್ತುವ ವೇಗ ಸಾಲದಿದ್ದರೆ ಸಂಕೇತ ಹುಟ್ಟುವುದೇ ಇಲ್ಲ. ಹೊಸಬರು ಕೀಲಿ ಕೆಟ್ಟಿದೆ ಎಂದುಕೊಂಡು ಬಿಚ್ಚಲು ಹೊರಡುತ್ತಾರೆ. ಬಿಚ್ಚಬೇಡಿ, ಜೋರಾಗಿ ಹೊಡೆಯಿರಿ.

ಪರದೆಯ ಮೇಲಿನ ಬರವಣಿಗೆಯ ವ್ಯವಸ್ಥೆಯನ್ನು ಹೊಗಳುವವರು ಕಡಿಮೆ. ಅದಕ್ಕೆ ನ್ಯಾಯ ಸಲ್ಲಬೇಕು. ಮಿನುಗುವ ಚೌಕವನ್ನು ಪರದೆಯ ಯಾವ ಸಾಲಿಗಾದರೂ ಒಯ್ದು, ಅಲ್ಲಿರುವುದನ್ನು ತಿದ್ದಿ, ರಿಟರ್ನ್ ಒತ್ತಿದರೆ ಆ ಸಾಲು ಮತ್ತೆ ಆದೇಶವಾಗುತ್ತದೆ. ಹತ್ತು ನಿಮಿಷದ ಹಿಂದೆ ಬರೆದದ್ದನ್ನು ಮತ್ತೆ ಬೆರಳಚ್ಚಿಸಬೇಕಿಲ್ಲ. ಇಷ್ಟು ಸರಾಗವಾದ ವ್ಯವಸ್ಥೆ ಕೊಟ್ಟ ಅದೇ ಯಂತ್ರ ಬೇಸಿಕ್ ಭಾಷೆಯ ವಿಷಯದಲ್ಲಿ ತೋರಿಸಿದ ಜಿಪುಣತನ ಮಾತ್ರ ವಿಚಿತ್ರವಾದದ್ದು. ಕಮೊಡೋರ್‌ನ 1977ರ ಪೆಟ್ ಕಂಪ್ಯೂಟರಿಗಾಗಿ ಮೈಕ್ರೋಸಾಫ್ಟ್‌ನಿಂದ ಪಡೆದ ಬೇಸಿಕ್ಕನ್ನೇ ಸ್ವಲ್ಪ ತಿದ್ದಿ ಇಲ್ಲಿ ಇಟ್ಟಿದ್ದಾರೆ. ಅದರಲ್ಲಿ ಗೆರೆ ಎಳೆಯುವ ಆದೇಶವಿಲ್ಲ, ಬಣ್ಣ ಬದಲಿಸುವ ಆದೇಶವಿಲ್ಲ, ಸ್ವರ ಹೊರಡಿಸುವ ಆದೇಶವೂ ಇಲ್ಲ. ಆ ಕಾಲದ ಮನೆ ಕಂಪ್ಯೂಟರುಗಳಲ್ಲೇ ಅತಿ ಶ್ರೇಷ್ಠ ಧ್ವನಿ ಚಿಪ್ಪನ್ನು ಒಳಗಿಟ್ಟುಕೊಂಡು, ಅದರಿಂದ ಒಂದು ಸ್ವರ ಕೇಳಬೇಕಾದರೂ 54272ರಿಂದ ಶುರುವಾಗುವ ವಿಳಾಸಗಳಿಗೆ ನೇರವಾಗಿ ಸಂಖ್ಯೆ ತುಂಬುವ ಐದಾರು ಪೋಕ್ ಆದೇಶಗಳನ್ನು ಬರೆಯಬೇಕು. ‘ಅದರಿಂದಲೇ ನಾವು ಯಂತ್ರವನ್ನು ಆಳವಾಗಿ ಕಲಿತೆವು’ ಎಂದು ಅಭಿಮಾನಿಗಳು ಹೇಳುವುದನ್ನು ಎಷ್ಟೋ ಬಾರಿ ಕೇಳಿದ್ದೇನೆ. ಕಲಿತವರು ಹೌದು, ಕಲಿತರು. ಬೇಸತ್ತು ಆಟದ ಕ್ಯಾಸೆಟ್ಟಿಗೆ ಮರಳಿದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಕಂಪನಿ ಹಣ ಉಳಿಸಿದ್ದನ್ನು ಶಿಕ್ಷಣ ಪದ್ಧತಿ ಎಂದು ಕರೆಯಲು ನನಗೆ ಮನಸ್ಸಿಲ್ಲ. ಹಾಗೆಂದು ಪೋಕ್ 53280,0 ಎಂದು ಬರೆದ ಕ್ಷಣಕ್ಕೆ ಪರದೆಯ ಅಂಚು ಕಪ್ಪಾಗುವುದನ್ನು ನೋಡಿದಾಗ ಆಗುವ ಖುಷಿಯನ್ನು ಅಲ್ಲಗಳೆಯುವುದೂ ಸಾಧ್ಯವಿಲ್ಲ: ಆದೇಶಕ್ಕೂ ಲೋಹಕ್ಕೂ ನಡುವೆ ಯಾವ ಮಧ್ಯವರ್ತಿಯೂ ಇಲ್ಲ.

ಇನ್ನು ಧ್ವನಿಯ ಚಿಪ್ಪು, ಅಂದರೆ ಸಿಡ್. ಈ ಯಂತ್ರವನ್ನು ಕೊಳ್ಳಲು ನನ್ನ ಬಳಿ ಇರುವ ಕಾರಣಗಳಲ್ಲಿ ಮುಕ್ಕಾಲು ಪಾಲು ಇದೊಂದೇ. ಬಾಬ್ ಯಾನೆಸ್ ಎಂಬ ಎಂಜಿನಿಯರ್ ಇದನ್ನು ಆಟದ ಯಂತ್ರದ ಕೀಚಲು ಧ್ವನಿಗಾಗಿ ಮಾಡದೆ ಸಂಗೀತದ ಸಿಂಥಸೈಜರಿನಂತೆ ರೂಪಿಸಿದರು. ಮುಂದೆ ಎನ್ಸಾನಿಕ್ ಎಂಬ ಸಿಂಥಸೈಜರ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದರು. ಇದರಲ್ಲಿ ಮೂರು ಕಂಠಗಳಿವೆ, ಪ್ರತಿ ಕಂಠಕ್ಕೂ ತ್ರಿಕೋನ, ಗರಗಸ, ಪಲ್ಸ್ ಮತ್ತು ಗದ್ದಲ ಎಂಬ ನಾಲ್ಕು ತರಂಗ ರೂಪಗಳಿವೆ, ಸ್ವರ ಏರುವ, ನಿಲ್ಲುವ, ಇಳಿಯುವ ಬಗೆಯನ್ನು ಪ್ರತ್ಯೇಕವಾಗಿ ಹೊಂದಿಸಬಹುದು, ಕೊನೆಯಲ್ಲಿ ಎಲ್ಲವನ್ನೂ ಒಂದು ಅನಲಾಗ್ ಫಿಲ್ಟರಿನ ಮೂಲಕ ಹಾಯಿಸಬಹುದು. ಮೂರೇ ಕಂಠಗಳಾದ್ದರಿಂದ ಏಕಕಾಲಕ್ಕೆ ಮೂರೇ ಸ್ವರ. ಆದರೆ ಒಂದೇ ಕಂಠದಲ್ಲಿ ಮೂರು ಸ್ವರಗಳನ್ನು ಸೆಕೆಂಡಿಗೆ ಐವತ್ತು ಸಲ ಬದಲಿಸುತ್ತ ಹೋದರೆ ಕಿವಿ ಅದನ್ನು ಸ್ವರಗುಚ್ಛವೆಂದು ನಂಬುತ್ತದೆ. ಈ ಯಂತ್ರದ ಸಂಗೀತಕ್ಕೆ ಇರುವ ಆ ನೀರು ಗುಳುಗುಳಿಸುವಂಥ ವಿಶಿಷ್ಟ ಧ್ವನಿ ಹುಟ್ಟಿದ್ದು ಈ ಬಡತನದಿಂದ. ಇದರ ಆಟಗಳಿಗೆ ಸಂಗೀತ ಬರೆದ ರಾಬ್ ಹಬ್ಬರ್ಡ್, ಮಾರ್ಟಿನ್ ಗಾಲ್ವೇ ಮುಂತಾದವರು ಸಂಗೀತಗಾರರಾಗಿದ್ದಷ್ಟೇ ಪ್ರೋಗ್ರಾಮರುಗಳೂ ಆಗಿದ್ದುದರಿಂದ, ಸ್ವರಗಳ ಜೊತೆಗೆ ಅವನ್ನು ನುಡಿಸುವ ಪ್ರೋಗ್ರಾಮನ್ನೂ ತಾವೇ ಬರೆದುಕೊಂಡರು.

ಕುತೂಹಲದ ಸಂಗತಿಯೆಂದರೆ ಎರಡು ಸಿಡ್ ಚಿಪ್ಪುಗಳು ಒಂದೇ ಹಾಡನ್ನು ಒಂದೇ ರೀತಿ ನುಡಿಸುವುದಿಲ್ಲ. ಮೊದಲ ಮಾದರಿಯಾದ 6581ರ ಫಿಲ್ಟರಿನ ಗುಣ ತಯಾರಿಕೆಯ ಏರುಪೇರಿಗೆ ತಕ್ಕಂತೆ ಚಿಪ್ಪಿನಿಂದ ಚಿಪ್ಪಿಗೆ ಬದಲಾಗುತ್ತದೆ. ಸಂಗೀತಗಾರ ತನ್ನ ಮೇಜಿನ ಮೇಲೆ ಕೇಳಿದ ಮಂದ್ರದ ಗುಂಗು ಇನ್ನೊಬ್ಬರ ಮನೆಯಲ್ಲಿ ಮಂಕಾಗಿಯೋ ಕರ್ಕಶವಾಗಿಯೋ ಕೇಳಬಹುದು. ನಂತರದ 8580 ಮಾದರಿ ಶುದ್ಧವಾಗಿದೆ, ಸಮವಾಗಿದೆ, ಆದರೆ ಅದರ ಶುದ್ಧಿಯೇ ಒಂದು ನಷ್ಟವನ್ನು ತಂದಿತು. ಧ್ವನಿಮಟ್ಟದ ರಿಜಿಸ್ಟರಿನಲ್ಲಿ, ಅಂದರೆ ಅದನ್ನು ನಿರ್ಧರಿಸುವ ಚಿಪ್ಪಿನೊಳಗಿನ ಸ್ಮೃತಿ ಕೋಶದಲ್ಲಿ, ಸಂಖ್ಯೆಗಳನ್ನು ವೇಗವಾಗಿ ಬದಲಿಸಿದರೆ 6581 ಒಂದು ಸಣ್ಣ ‘ಟಕ್’ ಶಬ್ದ ಮಾಡುತ್ತದೆ. ವಿನ್ಯಾಸದ ಈ ಕುಂದನ್ನೇ ಹಿಡಿದುಕೊಂಡು ಪ್ರೋಗ್ರಾಮರುಗಳು ಮನುಷ್ಯರ ಮಾತನ್ನೂ ಡ್ರಮ್ಮಿನ ಪೆಟ್ಟನ್ನೂ ನಾಲ್ಕನೆಯ ಕಂಠದಂತೆ ನುಡಿಸಿದರು. ಕುಂದನ್ನು ಸರಿಪಡಿಸಿದ 8580ರಲ್ಲಿ ಆ ಮಾತುಗಳು ಪಿಸುಗುಟ್ಟುವ ಮಟ್ಟಕ್ಕೆ ಇಳಿದವು. ನನ್ನ ಯಂತ್ರದಲ್ಲಿರುವುದು 6581. ಯಾರೂ ಹಾಡದಿರುವಾಗಲೂ ಅದು ಸ್ಪೀಕರಿನಲ್ಲಿ ಸಣ್ಣಗೆ ಹಿಸ್ಸೆನ್ನುತ್ತಿರುತ್ತದೆ, ಮತ್ತು ಆ ಹಿಸ್ಸೆನ್ನುವಿಕೆಗೆ ನಾನು ಒಗ್ಗಿಹೋಗಿದ್ದೇನೆ.

ಚಿತ್ರದ ಚಿಪ್ಪಿನ ವಿವರ ಕಾಗದದ ಮೇಲೆ ಸಾಧಾರಣವಾಗಿದೆ: 320×200 ಚುಕ್ಕೆಗಳು, 16 ಬಣ್ಣಗಳು, ತಲಾ 24×21 ಚುಕ್ಕೆಗಳ ಎಂಟು ಸ್ಪ್ರೈಟ್‌ಗಳು, ಅಂದರೆ ಹಿನ್ನೆಲೆಯ ಮೇಲೆ ಸ್ವತಂತ್ರವಾಗಿ ಚಲಿಸಬಲ್ಲ ಪುಟ್ಟ ಚಿತ್ರಗಳು. ಆದರೆ ಪರದೆಯ ಮೇಲೆ ಗೆರೆ ಬೀಳುತ್ತಿರುವ ಹೊತ್ತಿನಲ್ಲೇ ಸಂಸ್ಕಾರಕ ಮಧ್ಯೆ ಪ್ರವೇಶಿಸಿ ನಿಯಮ ಬದಲಿಸಬಹುದಾದ್ದರಿಂದ ಈ ಸಂಖ್ಯೆಗಳಿಗೆ ಅರ್ಥವೇ ಉಳಿಯುವುದಿಲ್ಲ. ಮೇಲಿನ ಎಂಟು ಸ್ಪ್ರೈಟ್‌ಗಳನ್ನು ಬಿಡಿಸಿ ಮುಗಿದ ತಕ್ಷಣ ಅವನ್ನೇ ಕೆಳಗೆ ಮತ್ತೆ ಬಳಸಬಹುದು. 25 ಸಾಲುಗಳ ಪರದೆಯನ್ನು ಸರಿಯಾದ ಕ್ಷಣದಲ್ಲಿ 24 ಸಾಲುಗಳಿಗೆ ಬದಲಿಸಿದರೆ, ಕೆಳಗಿನ ಅಂಚನ್ನು ಶುರುಮಾಡಬೇಕಾದ ಜಾಗ ಆಗಲೇ ದಾಟಿಹೋಗಿರುವುದರಿಂದ ಚಿಪ್ಪು ಅಂಚು ಹಾಕುವುದನ್ನೇ ಮರೆತುಬಿಡುತ್ತದೆ, ಅಲ್ಲಿಯೂ ಚಿತ್ರ ತೋರಿಸಬಹುದು. ಇದಕ್ಕೆ ಬೇಕಾದ ಲೆಕ್ಕ ನಿಖರವಾದದ್ದು: ಪಾಲ್ ಎಂಬ ಯುರೋಪಿನ ಟಿವಿ ಪದ್ಧತಿಗೆ ಹೊಂದುವ ಮಾದರಿಯಲ್ಲಿ ಒಂದು ಗೆರೆಗೆ ಸಂಸ್ಕಾರಕದ ಗಡಿಯಾರದ 63 ಮಿಡಿತ, ಅಂದರೆ ಆವರ್ತ, ಒಂದು ಚಿತ್ರಕ್ಕೆ 312 ಗೆರೆ, ಒಟ್ಟು 19656 ಆವರ್ತ, ಅದರಲ್ಲೂ ಅಕ್ಷರಗಳ ಸಾಲು ಶುರುವಾಗುವ ಪ್ರತಿ ಗೆರೆಯಲ್ಲಿ ಚಿತ್ರದ ಚಿಪ್ಪು 40ಕ್ಕೂ ಹೆಚ್ಚು ಆವರ್ತಗಳನ್ನು ಕದ್ದುಕೊಳ್ಳುತ್ತದೆ. ಈ ಲೆಕ್ಕಾಚಾರವನ್ನೇ ಕಲೆಯಾಗಿಸಿಕೊಂಡು ಚಿತ್ರ-ಸಂಗೀತದ ಪ್ರದರ್ಶನಗಳನ್ನು ಪ್ರೋಗ್ರಾಮುಗಳಾಗಿ ಬರೆಯುವ ಡೆಮೊ ಬಳಗವನ್ನು ಫಿನ್ಲೆಂಡ್ 2020ರಲ್ಲಿ, ಜರ್ಮನಿ 2021ರಲ್ಲಿ ತಮ್ಮ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗಳಿಗೆ ಸೇರಿಸಿಕೊಂಡವು. ಅವರ ಹೆಚ್ಚಿನ ಕೃತಿಗಳು ಪಾಲ್ ಯಂತ್ರಗಳಿಗಾಗಿಯೇ ಬರೆದವು. ಅಮೆರಿಕದ ಎನ್‌ಟಿಎಸ್‌ಸಿ ಮಾದರಿಯಲ್ಲಿ ಗೆರೆಗಳ ಸಂಖ್ಯೆಯೇ ಬೇರೆಯಾದ್ದರಿಂದ ಅಲ್ಲಿ ಚಿತ್ರ ಚಿಂದಿಯಾಗುತ್ತದೆ. ಕೊಳ್ಳುವ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಬೇಕು.

1541 ಡಿಸ್ಕ್ ಡ್ರೈವಿನ ಬಗ್ಗೆ ಸೌಜನ್ಯದಿಂದ ಬರೆಯುವುದು ಕಷ್ಟ. ತನ್ನೊಳಗೆ ಪ್ರತ್ಯೇಕ 6502 ಸಂಸ್ಕಾರಕವನ್ನೂ 2 ಕಿಲೋಬೈಟ್ ಸ್ಮೃತಿಯನ್ನೂ ಇಟ್ಟುಕೊಂಡು ತಾನೇ ಒಂದು ಕಂಪ್ಯೂಟರಾಗಿರುವ ಈ ಡ್ರೈವು, ಒಂದು ಬದಿಯಲ್ಲಿ ಸುಮಾರು 170 ಕಿಲೋಬೈಟ್ ಹಿಡಿಸುವ ಡಿಸ್ಕಿನಿಂದ ಸೆಕೆಂಡಿಗೆ ಹೆಚ್ಚುಕಡಿಮೆ 400 ಬೈಟುಗಳನ್ನಷ್ಟೇ ಕಳಿಸುತ್ತದೆ. 40 ಕಿಲೋಬೈಟಿನ ಆಟವೊಂದು ಬರಲು ಒಂದೂಮುಕ್ಕಾಲು ನಿಮಿಷ. ಈ ನಿಧಾನಕ್ಕೆ ಕಾರಣವಿದೆ: ಕಮೊಡೋರ್‌ನ ಹಿಂದಿನ ವಿಕ್-20 ಯಂತ್ರದ 6522 ಚಿಪ್ಪಿನಲ್ಲಿ, ಬಿಟ್‌ಗಳನ್ನು ತಾನಾಗಿಯೇ ಸಾಲಾಗಿ ಕಳಿಸುವ ಭಾಗದಲ್ಲಿ ದೋಷವಿದ್ದುದರಿಂದ ಆ ಕೆಲಸವನ್ನು ತಂತ್ರಾಂಶವೇ ಒಂದೊಂದೇ ಬಿಟ್ಟನ್ನು ದೂಡಿ ಮಾಡಬೇಕಾಯಿತು. ಅದೇ ವಿಧಾನ ಕಮೊಡೋರ್ 64ಕ್ಕೆ ಬಂದಾಗ ಚಿತ್ರದ ಚಿಪ್ಪು ಆವರ್ತಗಳನ್ನು ಕದಿಯುತ್ತಿದ್ದ ಕಾರಣ ಅದನ್ನೂ ಮತ್ತಷ್ಟು ನಿಧಾನಗೊಳಿಸಬೇಕಾಯಿತು. ತಲೆಯು ಮೊದಲ ವರ್ತುಲಕ್ಕೆ ಬಂದಿದೆಯೇ ಎಂದು ತಿಳಿಸುವ ಸಂವೇದಕವೂ ಇಲ್ಲದ್ದರಿಂದ, ತಪ್ಪಾದಾಗ ಡ್ರೈವು ತನ್ನ ತಲೆಯನ್ನು ಗೋಡೆಗೆ ಗಟಗಟನೆ ಬಡಿದುಕೊಂಡು ತಾನೆಲ್ಲಿದ್ದೇನೆಂದು ಖಚಿತಪಡಿಸಿಕೊಳ್ಳುತ್ತದೆ. ಆ ಸದ್ದನ್ನು ಕೇಳಿದ ಹೊಸಬರು ಗಾಬರಿಯಾಗುತ್ತಾರೆ, ಹಳಬರು ನಗುತ್ತಾರೆ. ನಾನು ಎರಡು ವಾರ ಹಟ ಹಿಡಿದು ಡಿಸ್ಕುಗಳನ್ನೇ ಬಳಸಿ, ಆಮೇಲೆ ಡ್ರೈವಿನಂತೆ ನಟಿಸುವ ಮೆಮೊರಿ ಕಾರ್ಡ್ ಸಾಧನವೊಂದನ್ನು ತಗುಲಿಸಿದೆ.

ಈ ಯಂತ್ರದ ಜೊತೆ ಒಂದು ಮಾತಿನ ಲೋಕವೂ ಬರುತ್ತದೆ, ಅದೂ ಉತ್ಪನ್ನದ ಭಾಗವೇ. ಒಳಗಿನ ಮೂಲ ತಂತ್ರಾಂಶವನ್ನು ಕರ್ನೆಲ್ ಎನ್ನಬೇಕಿತ್ತು. ಕಮೊಡೋರ್‌ನಲ್ಲಿ ಕಾಗುಣಿತ ತಪ್ಪಿ ಬರೆದದ್ದು ಕೈಪಿಡಿಗಳಿಗೂ ಹೋಗಿ ‘ಕರ್ನಲ್’ ಎಂದೇ ಉಳಿಯಿತು. ಸರಿಯಾದ ಕಾಗುಣಿತ ಬಳಸಿದವರನ್ನು ಹೊರಗಿನವರೆಂದು ಗುರುತಿಸುವ ಬಳಗ ಇದೊಂದೇ ಇರಬಹುದು. ಯಂತ್ರವನ್ನು ಮರುಪ್ರಾರಂಭಿಸುವ ಸಿಸ್ 64738 ಎಂಬ ಆದೇಶವನ್ನು ಹೇಳಿದರೆ ಕೂದಲು ನರೆತವರ ಮುಖ ಅರಳುತ್ತದೆ. ಬ್ರಿಟನ್ನಿನಿಂದ ಅದೇ 1982ರಲ್ಲಿ ಬಂದ ಸಿಂಕ್ಲೇರ್ ಸ್ಪೆಕ್ಟ್ರಮ್ ಅಭಿಮಾನಿಗಳೊಡನೆ ನಡೆಯುವ ಜಗಳವಂತೂ ನಲವತ್ತು ವರ್ಷವಾದರೂ ಮುಗಿದಿಲ್ಲ. ಅವರು ನಮ್ಮ ದಪ್ಪ ಚುಕ್ಕೆಗಳನ್ನೂ ಕಂದು ಬೂದು ಬಣ್ಣಗಳನ್ನೂ ಆಡಿಕೊಳ್ಳುತ್ತಾರೆ. ನಾವು ಅವರ ರಬ್ಬರ್ ಕೀಲಿಗಳನ್ನೂ, 8×8 ಚುಕ್ಕೆಗಳ ಚೌಕಕ್ಕೆ ಎರಡೇ ಬಣ್ಣವಿರುವುದರಿಂದ ಓಡುವ ಆಟಗಾರನ ಮೈಗೆ ಗೋಡೆಯ ಬಣ್ಣ ಅಂಟಿಕೊಳ್ಳುವುದನ್ನೂ ತೋರಿಸಿ ನಗುತ್ತೇವೆ. ಅವರ ಸಂಸ್ಕಾರಕ 3.5 ಮೆಗಾಹರ್ಟ್ಸ್, ನಮ್ಮದು ಒಂದು ಮೆಗಾಹರ್ಟ್ಸಿನ ಆಸುಪಾಸು ಎಂಬ ವಾದಕ್ಕೆ, ಅವರದು ಒಂದು ಸೂಚನೆಗೆ ಕನಿಷ್ಠ ನಾಲ್ಕು ಆವರ್ತ ತಿನ್ನುತ್ತದೆ, ನಮ್ಮದು ಎರಡೇ ಎಂಬ ಉತ್ತರ ಸಿದ್ಧವಾಗಿದೆ. ಇದರಲ್ಲಿ ಗೆಲ್ಲುವವರಿಲ್ಲ, ಗೆಲ್ಲಬೇಕೆಂಬ ಆಸೆಯೂ ಯಾರಿಗೂ ಇದ್ದಂತಿಲ್ಲ.

ಹಳದಿಯಾದ ಪ್ಲಾಸ್ಟಿಕ್ಕನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡುವ ಅಭ್ಯಾಸ ಜನಪ್ರಿಯವಾಗಿದೆ. ಮಾಡುವವರು ಮಾಡಲಿ, ಬಣ್ಣ ಮತ್ತೆ ಹಳದಿಗೆ ತಿರುಗುವುದುಂಟು, ಸಮವಾಗಿ ಹಚ್ಚದಿದ್ದರೆ ಮಚ್ಚೆ ಬೀಳುವುದೂ ಉಂಟು. ನನ್ನದು ಮೊದಲ ಮಾದರಿಯ ಕಂದು ಬಣ್ಣದ ಉಬ್ಬು ಪೆಟ್ಟಿಗೆಯಾದ್ದರಿಂದ ಈ ಚಿಂತೆ ಕಡಿಮೆ.

ಯಾರು ಕೊಳ್ಳಬೇಕು? ಹಳೆಯ ಆಟಗಳನ್ನು ಆಡಿ ನೋಡುವ ಆಸೆಯಷ್ಟೇ ಇದ್ದವರಿಗೆ ಇದರ ಅಗತ್ಯವಿಲ್ಲ. 1990ರ ದಶಕದಿಂದಲೂ ಬೆಳೆಯುತ್ತ ಬಂದಿರುವ ವೈಸ್ ಎಂಬ ಉಚಿತ ಎಮ್ಯುಲೇಟರ್, ಅಂದರೆ ಈ ಯಂತ್ರವನ್ನು ಅನುಕರಿಸುವ ತಂತ್ರಾಂಶ, ಯಾವ ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತದೆ, ಡಿಸ್ಕಿಗಾಗಿ ಕಾಯಿಸುವುದಿಲ್ಲ, ಸುಡುವುದಿಲ್ಲ. ಟಿವಿಗೆ ನೇರವಾಗಿ ಜೋಡಿಸುವ ಪೆಟ್ಟಿಗೆ ಬೇಕೆಂದವರಿಗೆ 2018ರಲ್ಲಿ ಬಂದ ಪುಟ್ಟ ಮಾದರಿಯೂ 2019ರಲ್ಲಿ ಬಂದ ಪೂರ್ಣ ಗಾತ್ರದ ಮಾದರಿಯೂ ಇವೆ. ಪುಟ್ಟದರ ಕೀಲಿಮಣೆ ಬರೀ ಅಲಂಕಾರ, ದೊಡ್ಡದರದು ನಿಜವಾದದ್ದು ಎಂಬ ವ್ಯತ್ಯಾಸ ನೆನಪಿರಲಿ. ಮೂಲ ಯಂತ್ರ ಬೇಕಾಗುವುದು ಸಿಡ್ ಚಿಪ್ಪಿನ ಹಿಸ್ಸೆನ್ನುವಿಕೆ ಕೇಳಬೇಕೆಂದವರಿಗೆ, ಪ್ರೋಗ್ರಾಮ್ ಬರೆದು ಪರದೆಯ ಅಂಚನ್ನು ತೆರೆಯಬೇಕೆಂದವರಿಗೆ, ಮತ್ತು ಬೆಸುಗೆ ಕಡ್ಡಿ ಹಿಡಿಯಲು ಹಿಂಜರಿಯದವರಿಗೆ. ಏಕೆಂದರೆ ಈ ವಯಸ್ಸಿನಲ್ಲಿ ಯಾವ ಚಿಪ್ಪು ಯಾವತ್ತು ಮುಷ್ಕರ ಹೂಡುತ್ತದೆಂದು ಹೇಳಲಾಗದು. ಅಂಥವರಿಗೆ ನನ್ನ ಶಿಫಾರಸು ಹೀಗಿದೆ: ಪಾಲ್ ಮಾದರಿ, ಸಿಡ್ ಚಿಪ್ಪು ಕೆಲಸ ಮಾಡುತ್ತಿರುವುದನ್ನು ಕಿವಿಯಾರೆ ಕೇಳಿ ಆರಿಸಿದ್ದು, ಡಿಸ್ಕ್ ಡ್ರೈವಿಲ್ಲದೆ ಕೊಂಡದ್ದು. ಹಣ ಕೂಡಿಸುತ್ತಿರುವವರು ಮೊದಲು ಹೊಸ ಪವರ್ ಸಪ್ಲೈಯನ್ನು ಕೊಂಡು ಇಟ್ಟುಕೊಳ್ಳಲಿ, ಯಂತ್ರವನ್ನು ಆಮೇಲೆ ಹುಡುಕಲಿ.